ಒಂದು ಬದಿಯ ವಿದ್ಯುತ್ ಹೋದರೂ ಸರ್ವರ್ ಚಾಸಿಸ್ ನಿಲ್ಲದಂತೆ ಮಾಡುವುದು ಹೇಗೆ?

ಹಲವು ಸರ್ವರ್‌ಗಳನ್ನು ಒಟ್ಟಿಗೆ ಹಿಡಿದಿಡುವ ಪೆಟ್ಟಿಗೆಯೇ ಚಾಸಿಸ್. ಅದರ ಹಿಂಬದಿಯಲ್ಲಿ ಆರು ಪವರ್ ಸಪ್ಲೈಗಳು, ಆರರಲ್ಲೂ ಹಸಿರು ದೀಪ. ಇಷ್ಟು ನೋಡಿ ನಿಶ್ಚಿಂತರಾಗುವವರೇ ಹೆಚ್ಚು. ಒಂದು ಬದಿಯ ವಿದ್ಯುತ್ ಹೋದ ಕ್ಷಣದಲ್ಲಿ ಉಳಿದ ಮೂರು ಇಡೀ ಹೊರೆಯನ್ನು ಹೊರುತ್ತವೆಯೇ ಎಂಬುದನ್ನು ಮಾತ್ರ ಆ ದೀಪ ಹೇಳುವುದಿಲ್ಲ. ಅದಕ್ಕೆ ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಲೇಬೇಕು.

ಮೊದಲು ತಂತಿಯಿಂದ ಶುರು ಮಾಡಿ. ಚಾಸಿಸ್‌ನ ಸೆಟ್ಟಿಂಗ್‌ಗಳಿರುವ ನಿರ್ವಹಣಾ ಪುಟವನ್ನು ಆಮೇಲೆ ತೆರೆದರಾಯಿತು. ಆರು ಪವರ್ ಸಪ್ಲೈ ಘಟಕಗಳ ಚಾಸಿಸ್‌ನಲ್ಲಿ ಸಾಮಾನ್ಯವಾಗಿ 1ರಿಂದ 3 ಒಂದು ಗುಂಪು, 4ರಿಂದ 6 ಇನ್ನೊಂದು. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಮೊದಲ ಗುಂಪಿನ ಕೇಬಲ್‌ಗಳೆಲ್ಲ ಒಂದು ಪಿಡಿಯುಗೆ (ಯಂತ್ರಗಳಿಗೆ ವಿದ್ಯುತ್ ಹಂಚುವ ಸಾಕೆಟ್ ಪಟ್ಟಿ), ಎರಡನೆಯ ಗುಂಪಿನವು ಇನ್ನೊಂದಕ್ಕೆ. ಎರಡು ದೋಣಿಯಲ್ಲಿ ಕಾಲಿಡಬಾರದು ಎನ್ನುತ್ತಾರೆ. ಚಾಸಿಸ್ ಮಾತ್ರ ಹಾಗೆ ಕಾಲಿಟ್ಟೇ ನಿಲ್ಲಬೇಕು. ಪಿಡಿಯುಗಳ ಹಿಂದಿನ ಯುಪಿಎಸ್, ಎಂಸಿಬಿಗಳೂ ಬೇರೆ ಬೇರೆಯೇ ಎಂದು ಕಣ್ಣಾರೆ ನೋಡಿ. ಬಣ್ಣ ಬೇರೆ ಬೇರೆಯಿದ್ದ ಎರಡು ಪಿಡಿಯುಗಳನ್ನು ನಂಬಿ, ಎರಡೂ ಒಂದೇ ಯುಪಿಎಸ್‌ಗೆ ಸೇರಿದ್ದವು ಎಂಬುದು ಆ ಯುಪಿಎಸ್ ಕೆಟ್ಟ ದಿನವೇ ನನಗೆ ತಿಳಿದದ್ದು.

ಇನ್ನು ಹೊರೆಯ ಲೆಕ್ಕ. ಒಂದೊಂದು ಘಟಕದ ಸಾಮರ್ಥ್ಯ 2,700 ವ್ಯಾಟ್ ಎಂದುಕೊಳ್ಳೋಣ. ಆರೂ ಸೇರಿ 16,200. ಒಂದು ಬದಿ ಹೋದರೆ ಕೈಯಲ್ಲಿ ಉಳಿಯುವುದು 8,100. ಹದಿನಾರು ಬ್ಲೇಡ್‌ಗಳು (ಚಾಸಿಸ್‌ನೊಳಗೆ ತೂರಿಸುವ ತೆಳು ಸರ್ವರ್‌ಗಳು) ಗರಿಷ್ಠ ಕೆಲಸದಲ್ಲಿ ತಲಾ 400 ವ್ಯಾಟ್ ನುಂಗಿದರೆ 6,400, ಫ್ಯಾನ್ ಮತ್ತು ಸ್ವಿಚ್‌ಗಳಿಗೆ ಇನ್ನೊಂದು ಸಾವಿರ. ಒಟ್ಟು 7,400, ಅಂದರೆ ಮೂರೇ ಘಟಕಗಳು ಹೊರಬಲ್ಲ ಹೊರೆ. ಬ್ಲೇಡ್‌ನ ಅಂಕಿಯನ್ನು ಮಾರಾಟದ ಪತ್ರಿಕೆಯಿಂದ ಎತ್ತಿಕೊಳ್ಳಬೇಡಿ. ಕೆಲಸದ ಒತ್ತಡ ಹೆಚ್ಚಿರುವ ದಿನ ಚಾಸಿಸ್ ತಾನೇ ಅಳೆದು ತೋರಿಸುವ ಗರಿಷ್ಠ ಅಂಕಿಯನ್ನು ಬರೆದುಕೊಳ್ಳಿ.

ಎಡವುವುದು ಇಲ್ಲೇ. ಘಟಕದ ಮೇಲೆ ಬರೆದಿರುವುದು ಅದು ಹೊರಗೆ ಕೊಡುವ ವಿದ್ಯುತ್. ಪಿಡಿಯುನಿಂದ ಎಳೆಯುವುದು ಅದಕ್ಕಿಂತ ಹೆಚ್ಚು. ದಕ್ಷತೆ ಶೇ 92 ಇದ್ದರೆ 7,400 ವ್ಯಾಟ್ ಕೊಡಲು ಸುಮಾರು 8,040 ವ್ಯಾಟ್ ಎಳೆಯಬೇಕು. 230 ವೋಲ್ಟ್‌ನಲ್ಲಿ ಇದು ಆರು ಕೇಬಲ್‌ಗಳಿಗೆ ಹಂಚಿಹೋದಾಗ ತಲಾ 5.8 ಆಂಪಿಯರ್. ಮೀಟರ್ ನೋಡಿದವರಿಗೆ ಪ್ರತಿ ಕೇಬಲ್‌ನ 16 ಆಂಪಿಯರ್‌ನ ಸರ್ಕ್ಯೂಟ್ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಂತೆ ಕಾಣುತ್ತದೆ. ಖಾಲಿಯಲ್ಲ, ಅದು ಎದುರು ಬದಿಗಾಗಿ ಕಾದಿರಿಸಿದ ಜಾಗ. ಒಂದು ಬದಿ ಹೋದ ಕೂಡಲೇ ಉಳಿದ ಮೂರು ಕೇಬಲ್‌ಗಳಲ್ಲಿ ತಲಾ 11.7 ಆಂಪಿಯರ್ ಹರಿಯುತ್ತದೆ. ನಿರಂತರ ಹೊರೆಗೆ ಸರ್ಕ್ಯೂಟಿನ ಶೇ 80ರಷ್ಟನ್ನೇ ಬಳಸುವುದು ರೂಢಿಯಾದ್ದರಿಂದ ನಿಮ್ಮ ಮೇಲಿನ ಗಡಿ 12.8.

ಈಗ ನಿರ್ವಹಣಾ ಪುಟದ ವಿದ್ಯುತ್ ವಿಭಾಗಕ್ಕೆ ಹೋಗಿ. ಅಲ್ಲಿ ಮೂರು ಬಗೆಯ ನೀತಿಗಳಿರುತ್ತವೆ: ಗ್ರಿಡ್ ಮಟ್ಟದ ಭದ್ರತೆ (ಇಡೀ ಒಂದು ಬದಿ ಹೋದರೂ ಕಾಯುವುದು), ಒಂದು ಘಟಕ ಹೆಚ್ಚುವರಿ, ಭದ್ರತೆಯೇ ಇಲ್ಲದ್ದು. ಎರಡನೆಯದು ಒಂದು ಘಟಕ ಕೆಟ್ಟರೆ ಕಾಯುತ್ತದೆಯೇ ಹೊರತು ಇಡೀ ಬದಿ ಹೋದರೆ ಅಲ್ಲ. ಎರಡು ಪ್ರತ್ಯೇಕ ಮೂಲಗಳಿರುವಾಗ ಗ್ರಿಡ್ ಭದ್ರತೆಯನ್ನೇ ಆರಿಸಿ. ಆಮೇಲೆ ಹೊಸ ಬ್ಲೇಡ್ ಸೇರಿಸಿದಾಗ ಚಾಸಿಸ್ ಅದನ್ನು ಚಾಲೂ ಮಾಡಲು ಒಪ್ಪದಿದ್ದರೆ ಸಿಡುಕಿ ನೀತಿಯನ್ನು ಸಡಿಲಿಸಬೇಡಿ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಮುಂದಿನದು ವಿದ್ಯುತ್ ಬಳಕೆಯ ಮಿತಿ. ಇಡೀ ಚಾಸಿಸ್‌ನ ಮಿತಿ ಸಾಮಾನ್ಯವಾಗಿ ಒಳಬರುವ ವಿದ್ಯುತ್ತಿಗೆ ಅನ್ವಯಿಸುತ್ತದೆ. ನಮ್ಮ ಉದಾಹರಣೆಯಲ್ಲಿ 8,500 ವ್ಯಾಟ್ ಇಟ್ಟರೆ ಒಂಟಿ ಬದಿಯಲ್ಲೂ ಕೇಬಲ್‌ಗೆ 12.3 ಆಂಪಿಯರ್ ದಾಟುವುದಿಲ್ಲ. ಮಿತಿ ಮುಟ್ಟಿದಾಗ ಪ್ರೊಸೆಸರ್‌ಗಳ ವೇಗವನ್ನು ಇಳಿಸಿ ಬಳಕೆಯನ್ನು ತಗ್ಗಿಸಲಾಗುತ್ತದೆ. ಹಾಗಾಗಿ ಜಿಪುಣತನದಿಂದ ಮಿತಿಯನ್ನು ತೀರಾ ಕೆಳಗಿಟ್ಟರೆ ಯಂತ್ರ ನಿಲ್ಲುವುದಿಲ್ಲ, ಆದರೆ ಕಾರಣವೇ ತಿಳಿಯದಂತೆ ನಿಧಾನವಾಗುತ್ತದೆ. ದೂರು ಬಂದು ಮುಟ್ಟುವುದು ಡೇಟಾಬೇಸ್ ನೋಡಿಕೊಳ್ಳುವವರಿಗೆ! ಮಿತಿ ಮೀರಿದರೆ ಏನು ಮಾಡಬೇಕು ಎಂಬ ಆಯ್ಕೆ ಇದ್ದಲ್ಲಿ ‘ದಾಖಲಿಸು’ ಎಂಬುದನ್ನೇ ಇಡಿ, ‘ಯಂತ್ರ ನಿಲ್ಲಿಸು’ ಬೇಡ.

ವಿದ್ಯುತ್ ಸಾಲದಾದಾಗ ಯಾವ ಬ್ಲೇಡ್ ಮುಖ್ಯ ಎಂದು ಹೇಳುವ ಆದ್ಯತೆಯನ್ನೂ ಮರೆಯಬೇಡಿ. ತಯಾರಕರನ್ನು ಅವಲಂಬಿಸಿ 1ರಿಂದ 9 ಅಥವಾ 1ರಿಂದ 10ರ ಅಳತೆ ಇರುತ್ತದೆ, ಹೆಚ್ಚಾಗಿ 1 ಎಂದರೆ ಅತಿ ಮುಖ್ಯ. ಎಲ್ಲರಿಗೂ 1 ಕೊಟ್ಟರೆ ಯಾರಿಗೂ ಕೊಡದಂತೆಯೇ. ಪ್ರಯೋಗಕ್ಕೆ ಇಟ್ಟ ಸರ್ವರ್‌ಗಳನ್ನು ನಿಷ್ಕರುಣೆಯಿಂದ ಕೊನೆಗೆ ತಳ್ಳಿ.

ಕಡೆಗೆ ಪರೀಕ್ಷೆ. ಮುಂಚಿತವಾಗಿ ತಿಳಿಸಿ, ಸರ್ವರ್‌ಗಳ ಮೇಲೆ ನಿಜವಾದ ಹೊರೆ ಇರುವಾಗಲೇ ಒಂದು ಬದಿಯ ಮೂರೂ ಕೇಬಲ್‌ಗಳ ವಿದ್ಯುತ್ ತೆಗೆಯಿರಿ. ಒಂದೇ ಘಟಕವನ್ನು ಎಳೆದು ನೋಡುವುದು ಪರೀಕ್ಷೆಯಲ್ಲ. ಎಚ್ಚರಿಕೆಯ ಇಮೇಲ್ ಬಂತೇ, ಎದುರು ಬದಿಯ ಮೀಟರ್ ಎಷ್ಟು ತೋರಿಸಿತು, ಯಾವುದಾದರೂ ಬ್ಲೇಡ್ ವೇಗ ಇಳಿಸಿತೇ ಎಂದು ಗಮನಿಸಿ. ವಿದ್ಯುತ್ ಮರಳಿ ಕೊಟ್ಟು, ಆರೂ ಘಟಕಗಳು ಸುಸ್ಥಿತಿಗೆ ಬಂದ ಮೇಲೆ ಇನ್ನೊಂದು ಬದಿಯನ್ನೂ ಹಾಗೆಯೇ ಪರೀಕ್ಷಿಸಿ. ನಂತರ ಎರಡೂ ಪಿಡಿಯುಗಳ ಮೇಲೆ ಒಂದೊಂದು ಚೀಟಿ ಅಂಟಿಸಿ: ‘ಕೇಬಲ್‌ಗೆ ಮಾಮೂಲಿ 6 ಆಂಪಿಯರ್, ಒಂಟಿಯಾದಾಗ 12. ಇಲ್ಲಿ ಬೇರೇನನ್ನೂ ಚುಚ್ಚಬೇಡಿ.’