‘ಅನೀಸ್‌ಥಟಿಸ್ಟ್’ ಹೇಳಲು ನಾಲಿಗೆಗೆ ಕಲಿಸಿದ್ದು

ಅನೀಸ್‌ಥಟಿಸ್ಟ್ ಅಂದರೆ ಆಪರೇಶನ್‌ಗೆ ಅರಿವಳಿಕೆ ಕೊಡುವ ಡಾಕ್ಟರ್. ಮಂಗಳೂರಿನ ಆಸ್ಪತ್ರೆಗಳ ಆಪರೇಶನ್ ಥಿಯೇಟರಿನಲ್ಲಿ ಈ ಪದವನ್ನು ಪೂರ್ತಿ ಹೇಳುವವರು ಕಡಿಮೆ. ‘ಅನಸ್ತೇಶಿಯಾ ಸರ್ ಬಂದ್ರಾ?’ ಅಂದರೆ ಮುಗಿಯಿತು. ನಾನೂ ನರ್ಸ್ ಆಗಿ ಹಾಗೇ ಹೇಳಿಕೊಂಡು ಬಂದವಳು. ಬ್ರಿಟನ್ ಕೆಲಸಕ್ಕಾಗಿ ಓಇಟಿಗೆ, ಅಂದರೆ ಡಾಕ್ಟರ್, ನರ್ಸ್‌ಗಳಂಥವರಿಗಿರುವ ಇಂಗ್ಲಿಷ್ ಪರೀಕ್ಷೆಗೆ, ಓದಲು ಕೂತಾಗ ಅಷ್ಟು ಸಾಲಲಿಲ್ಲ. ಅದರ ಸ್ಪೀಕಿಂಗ್‌ನಲ್ಲಿ ಸುಮಾರು 5 ನಿಮಿಷದ ಎರಡು ರೋಲ್ ಪ್ಲೇ ಇರುತ್ತವೆ. ನಾವು ನರ್ಸ್, ಎದುರಿಗಿರುವವರು ರೋಗಿ ಅಥವಾ ಮನೆಯವರು. ಆಪರೇಶನ್ ಮಾತು ಬಂತೆಂದರೆ ಈ ಡಾಕ್ಟರೂ ಬಂದೇ ಬರುತ್ತಾರೆ.

ಎಲ್ಲರೂ ಮೊದಲು ‘ಥ’ ಸರಿ ಮಾಡಲು ಹೊರಡುತ್ತಾರೆ. ನನ್ನ ಪ್ರಕಾರ ಮೊದಲು ಹಿಡಿಯಬೇಕಾದ್ದು ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳಬೇಕು ಅನ್ನುವುದು. ‘ಆನಸ್‌ಥೀಝಿಯ’ದಲ್ಲಿ ಒತ್ತು ‘ಥೀ’ ಮೇಲೆ. ‘ಆನಸ್‌ಥೆಟಿಕ್’ನಲ್ಲಿ ‘ಥೆ’ ಮೇಲೆ. ಡಾಕ್ಟರ್ ಹೆಸರಿಗೆ ಬಂದಾಗ ಮಾತ್ರ ಅದು ಹಿಂದೆ ಸರಿದು ‘ನೀ’ ಮೇಲೆ ಕೂರುತ್ತದೆ: ಅ-ನೀಸ್-ಥ-ಟಿಸ್ಟ್. ಒತ್ತು ಸರಿ ಇದ್ದರೆ ‘ಥ’ ಸ್ವಲ್ಪ ಆಚೀಚೆ ಆದರೂ ಕೇಳುವವರಿಗೆ ಗೊತ್ತಾಗುತ್ತದೆ. ಅಮೆರಿಕದವರು ‘ನೀಸ್’ ಬದಲು ‘ನೆಸ್’ ಅನ್ನುತ್ತಾರೆ. ಅಲ್ಲಿ ಡಾಕ್ಟರಿಗೆ ಹೇಳುವ ಪದವೇ ಬೇರೆ, ಅನಸ್‌ಥೀಝಿಯಾಲಜಿಸ್ಟ್. ಹಾಗಾಗಿ ಸಿಕ್ಕಿದ ವಿಡಿಯೋ ಎಲ್ಲ ನೋಡದೆ, ಕೇಂಬ್ರಿಜ್ ಆನ್‌ಲೈನ್ ನಿಘಂಟಿನ ಬ್ರಿಟಿಷ್ ಧ್ವನಿಯನ್ನಷ್ಟೇ ಕೇಳಿದೆ.

ಮೊದಲಿನ ‘ಅ’, ನಡುವಿನ ‘ಥ’ದ ಸ್ವರ ಎರಡೂ ಸುಮ್ನೆ ಸವರಿಕೊಂಡು ಹೋಗುವಂಥವು. ಕನ್ನಡದಲ್ಲಿ ಬರೆದರೆ ತುಂಬು ಅಕಾರವೇ ಆಗಿಬಿಡುತ್ತದೆ. ಮನೆಯಲ್ಲಿ ತುಳು ಮಾತಾಡುವವರಿಗೆ ಇಲ್ಲಿ ಲಾಭವಿದೆ. ‘ಇಲ್ಲ್’, ‘ನೀರ್’ ಅನ್ನುವಾಗ ಕೊನೆಗೆ ತುಟಿ ದುಂಡಾಗದೆ ಒಂದು ಅರೆ ಸ್ವರ ಬರುತ್ತದಲ್ವಾ? ಅದೇ ಅಲ್ಲ, ಆದರೆ ಹತ್ತಿರದ್ದು. ನಾನು ಅಲ್ಲಿಂದಲೇ ಶುರು ಮಾಡಿದೆ.

ಇನ್ನು ‘ಥ’. ನಮ್ಮ ತ, ಥ ಎರಡರಲ್ಲೂ ನಾಲಿಗೆ ಹಲ್ಲಿಗೆ ತಾಗಿ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಇಂಗ್ಲಿಷಿನದರಲ್ಲಿ ತಡೆಯೇ ಇಲ್ಲ. ಪರೀಕ್ಷಿಸುವುದು ಸುಲಭ: ‘ಸ್ಸ್ಸ್’ ಅಂತ ಉಸಿರಿರುವಷ್ಟು ಹೊತ್ತು ಎಳೆಯಬಹುದು, ‘ತ್’ ಎಳೆಯಲು ಬರುವುದಿಲ್ಲ. ಇಂಗ್ಲಿಷಿನ ‘ಥ್’ ಎಳೆಯಲು ಬರಬೇಕು. ಈ ಪದದಲ್ಲಿ ‘ಸ್’ ಆದ ಕೂಡಲೇ ಅದು ಬರುವುದರಿಂದ ಒಂದು ಅನುಕೂಲವೂ ಇದೆ. ‘ಸ್ಸ್ಸ್’ ಎಳೆಯುತ್ತಲೇ, ಗಾಳಿ ನಿಲ್ಲಿಸದೆ, ನಾಲಿಗೆ ತುದಿಯನ್ನು ಮೆಲ್ಲ ಮುಂದೆ ಜಾರಿಸಿ ಹಲ್ಲುಗಳ ನಡುವೆ ತನ್ನಿ. ಸದ್ದು ಮೆತ್ತಗಾದ ಜಾಗವೇ ‘ಥ್’. ಕನ್ನಡಿ ಮುಂದೆ ಮಾಡಿದರೆ ತುದಿ ಕಾಣಬೇಕು. ನನ್ನ ರೂಮ್‌ಮೇಟ್ ನೋಡಿ, ‘ಎಂಥದ್ದು ಮಾರಾಯ್ತಿ, ಹಲ್ಲು ನೋವಾ?’ ಅಂತ ಕೇಳಿದ್ದೂ ಉಂಟು.

ಜೋಡಿಸುವಾಗ ಹಿಂದಿನಿಂದ ಬನ್ನಿ. ಟಿಸ್ಟ್. ಥಟಿಸ್ಟ್. ನೀಸ್‌ಥಟಿಸ್ಟ್. ಅನೀಸ್‌ಥಟಿಸ್ಟ್. ಮುಂದಿನಿಂದ ಹೊರಟರೆ ಕೊನೆಗೆ ಬರುವಾಗ ನಾಲಿಗೆ ತಡವರಿಸುತ್ತದೆ. ಹಿಂದಿನಿಂದ ಬಂದರೆ ಮುಂದೆ ಬರುವುದೆಲ್ಲ ಗೊತ್ತಿದ್ದದ್ದೇ. ಸುರತ್ಕಲ್‌ನಿಂದ ಬಸ್ಸಿನಲ್ಲಿ ಬರುವಾಗ ಮಾಸ್ಕ್ ಹಾಕಿಕೊಂಡು ಇದನ್ನೇ ಗುನುಗುತ್ತಿದ್ದೆ. ಟ್ರಾಫಿಕ್‌ನಲ್ಲಿ ನಿಂತರೆ ಇನ್ನೂ ಒಳ್ಳೆಯದು.

ಫೋನಿನ ವಾಯ್ಸ್ ಟೈಪಿಂಗ್ ಅನ್ನು ಜಾಸ್ತಿ ನಂಬಬೇಡಿ. ಇಡೀ ವಾಕ್ಯ ಹೇಳಿದರೆ ಅಕ್ಕಪಕ್ಕದ ಪದ ನೋಡಿ ಊಹಿಸಿ, ತಪ್ಪು ಹೇಳಿದ್ದನ್ನೂ ಸರಿಯಾಗಿ ಬರೆದುಬಿಡುತ್ತದೆ. ರೆಕಾರ್ಡ್ ಮಾಡಿ, ನಿಘಂಟಿನ ಧ್ವನಿಯ ಪಕ್ಕದಲ್ಲಿಟ್ಟು ಕೇಳುವುದೇ ವಾಸಿ. ನಮ್ಮ ‘ಟ’ಕ್ಕೂ ಅವರ ‘ಟ’ಕ್ಕೂ ವ್ಯತ್ಯಾಸವಿದೆ, ಅದನ್ನು ನಾನು ಮುಟ್ಟಲೇ ಇಲ್ಲ. ಪರೀಕ್ಷೆಯಲ್ಲಿ ನೋಡುವುದು ಮಾತು ಅರ್ಥವಾಗುತ್ತದೆಯೇ ಎಂದು, ಲಂಡನ್‌ನವರ ಹಾಗೆ ಇದೆಯೇ ಎಂದಲ್ಲ.

ಈಗ ‘ಆಫ್‌ಥಾಲ್ಮಾಲಜಿ’ (ಕಣ್ಣಿನ ವೈದ್ಯಶಾಸ್ತ್ರ) ಹಿಡಿದಿದ್ದೇನೆ. ನಾವೆಲ್ಲ ‘ಆಪ್ತಾಲ್ಮಾಲಜಿ’ ಅನ್ನುವುದು. ಇಲ್ಲಿ ‘ಸ್’ ಬದಲು ‘ಫ್’ ಎಳೆಯಬೇಕು, ಕೆಳತುಟಿಯನ್ನು ಮೇಲಿನ ಹಲ್ಲಿನಿಂದ ಬಿಡಿಸುತ್ತಲೇ ನಾಲಿಗೆ ಹೊರಗೆ ತರಬೇಕು. ಇದು ಅದಕ್ಕಿಂತ ಕಷ್ಟ.