ಹಾಫ್ ಡಾಲರ್ ರೋಲುಗಳಲ್ಲಿ ಬೆಳ್ಳಿ ಹುಡುಕುವುದು: ನಾನು ಮಾಡುವ ರೀತಿ

ಅಮೆರಿಕದ ಬ್ಯಾಂಕುಗಳಲ್ಲಿ ಕಾಗದ ಸುತ್ತಿದ ಚಿಲ್ಲರೆ ರೋಲುಗಳನ್ನು ಮುಖಬೆಲೆಗೆ ತಂದು, ಬೇಕಾದ ನಾಣ್ಯ ಆರಿಸಿಕೊಂಡು, ಉಳಿದದ್ದನ್ನು ಅದೇ ಬೆಲೆಗೆ ವಾಪಸ್ ಕಟ್ಟಬಹುದು. ಹೋಗುವುದು ಸಮಯ, ಪೆಟ್ರೋಲು ಅಷ್ಟೇ. ನಾನು ಹಾಫ್ ಡಾಲರನ್ನೇ (50 ಸೆಂಟ್ ನಾಣ್ಯ) ಹಿಡಿದುಕೊಂಡಿದ್ದೇನೆ. ಡೈಮ್ (10 ಸೆಂಟ್), ಕ್ವಾರ್ಟರ್‌ಗಳಲ್ಲಿ (25 ಸೆಂಟ್) ಚಲಾವಣೆಯ ಬೆಳ್ಳಿ 1964ಕ್ಕೆ ಮುಗಿಯಿತು. ಹಾಫ್‌ನಲ್ಲಿ 1964ರವರೆಗೆ ಶೇ. 90, ಆಮೇಲೆ 1970ರವರೆಗೂ ಶೇ. 40 ಬೆಳ್ಳಿ ಇದೆ.

ರೋಲಿಗೆ 20 ನಾಣ್ಯ, 10 ಡಾಲರ್. ಬಾಕ್ಸಿಗೆ 50 ರೋಲು, 500 ಡಾಲರ್, ತೂಕ 11 ಕಿಲೋ ದಾಟುತ್ತದೆ. ಬಾಕ್ಸ್ ತರಿಸಲು ಖಾತೆ ಇರುವ ಶಾಖೆಯಲ್ಲೇ ಕೇಳಬೇಕು. ಶುಲ್ಕ ಉಂಟೋ ಇಲ್ಲವೋ ಮೊದಲೇ ವಿಚಾರಿಸಿ, ಇದ್ದರೆ ಲೆಕ್ಕ ಗಿಟ್ಟುವುದು ಕಷ್ಟ. ನನ್ನ ಒಲವು ಟೆಲ್ಲರ್ (ಬ್ಯಾಂಕ್ ಕ್ಯಾಷಿಯರ್) ಡ್ರಾಯರಿನಲ್ಲಿ ಬಿದ್ದಿರುವ, ಗ್ರಾಹಕರೇ ಕೈಯಲ್ಲಿ ಸುತ್ತಿ ತಂದ ರೋಲುಗಳ ಕಡೆಗೆ. ಯಂತ್ರ ಸುತ್ತಿದ್ದರಲ್ಲಿ ಬೇರೆ ಹುಡುಕಾಟಗಾರರು ಜಾಲಾಡಿ ಬಿಟ್ಟದ್ದೇ ಹೆಚ್ಚು. ಕೈಸುತ್ತು ಯಾರದೋ ಅಜ್ಜನ ಡಬ್ಬಿಯಿಂದ ನೇರವಾಗಿ ಬಂದಿರಬಹುದು.

ರೋಲು ಒಡೆದು 20ನ್ನೂ ಒಂದರ ಮೇಲೊಂದು ಜೋಡಿಸಿ, ಪಕ್ಕದಿಂದ ದೀಪ ಬೀಳುವಂತೆ ಇಟ್ಟು ಅಂಚು ನೋಡುತ್ತೇನೆ. 1971ರಿಂದೀಚಿನ ಸಾಮಾನ್ಯ ನಾಣ್ಯಗಳ ಒಳಗೆ ಶುದ್ಧ ತಾಮ್ರ, ಹಾಗಾಗಿ ಅಂಚಿನಲ್ಲಿ ಕೆಂಪು ಗೆರೆ ಎದ್ದು ಕಾಣುತ್ತದೆ. ಶೇ. 90ರದ್ದು ಪೂರಾ ಬಿಳಿ, ಥಟ್ಟನೆ ಸಿಕ್ಕಿಬೀಳುತ್ತದೆ. ತೊಂದರೆ ಇರುವುದು ಶೇ. 40ರದ್ದರಲ್ಲಿ. ಅದರ ಹೊರಪದರ ಶೇ. 80 ಬೆಳ್ಳಿ, ಒಳಗಿನದು ಸುಮಾರು ಶೇ. 21, ಅಂಚು ಬೂದುಬಣ್ಣ, ಕೆಲವೊಮ್ಮೆ ತೆಳ್ಳಗೆ ತಾಮ್ರದ ಛಾಯೆ. ಕಿಲುಬು ಹಿಡಿದ ಸಾಮಾನ್ಯ ನಾಣ್ಯವೂ ಹಾಗೇ ಕಾಣುತ್ತದೆ. ತಕ್ಕಡಿ ಇಲ್ಲಿ ಹೆಚ್ಚು ನೆರವಾಗುವುದಿಲ್ಲ: ಶೇ. 90ರದ್ದು 12.5 ಗ್ರಾಂ, ಶೇ. 40ರದ್ದು 11.5, ಸಾಮಾನ್ಯದ್ದು 11.34. ಕೊನೆಯ ಎರಡರ ನಡುವಿನ 0.16 ಗ್ರಾಂ ಅಡುಗೆಮನೆಯ ತಕ್ಕಡಿಗೆ ಸಿಗದು, ನಾಣ್ಯ ಸವೆದರೂ ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಆದ್ದರಿಂದ ಅಂಚು ನೋಡಿದ ಮೇಲೂ ಪ್ರತಿಯೊಂದರ ಇಸವಿ ಓದಿಯೇ ಪಕ್ಕಕ್ಕಿಡುವುದು. ಚಲಾವಣೆಯಲ್ಲಿ ಸಿಗುವ 1965ರಿಂದ 1969ರ, ಕೆನೆಡಿ ಮುಖದ ಹಾಫ್ ಎಲ್ಲವೂ ಶೇ. 40. 1970ರದ್ದರಲ್ಲಿ ಕತ್ತಿನ ಕೆಳಗೆ ‘ಡಿ’ (ಡೆನ್ವರ್ ಟಂಕಸಾಲೆಯ ಗುರುತು; ಎಸ್ ಸ್ಯಾನ್ ಫ್ರಾನ್ಸಿಸ್ಕೊದ್ದು, ಪಿ ಫಿಲಡೆಲ್ಫಿಯಾದ್ದು) ಇದ್ದರೆ ಖರ್ಚು ಮಾಡಬೇಡಿ: ಅದನ್ನು ಸಂಗ್ರಹಕಾರರ ಸೆಟ್ಟಿಗೆಂದೇ ಹೊಡೆದದ್ದು, ಸುಮಾರು 21 ಲಕ್ಷ ಮಾತ್ರ.

ಇಸವಿಯನ್ನು ನಂಬಲಾಗದ ಜಾಗವೂ ಒಂದಿದೆ. 1776–1976 ಎಂದು ಜೋಡಿ ಇಸವಿ ಇರುವ, ‘ಎಸ್’ ಗುರುತಿನ ನಾಣ್ಯ ಕನ್ನಡಿಯಂತೆ ಹೊಳೆಯುವ ಪ್ರೂಫ್ (ಸಂಗ್ರಹಕಾರರಿಗೆಂದು ವಿಶೇಷವಾಗಿ ಹೊಡೆದದ್ದು) ಆಗಿದ್ದರೆ ಬೆಳ್ಳಿಯದ್ದೂ ಆಗಿರಬಹುದು, ಸಾಮಾನ್ಯದ್ದೂ ಆಗಿರಬಹುದು. ಅಲ್ಲಿ ಅಂಚೇ ನಿರ್ಣಾಯಕ. 1992ರಿಂದೀಚಿನ ‘ಎಸ್’ ಪ್ರೂಫ್‌ಗಳಿಗೂ ಇದೇ ಮಾತು. ಸೆಟ್ಟು ಒಡೆದು ಖರ್ಚು ಮಾಡುವವರಿಂದ ಇವು ರೋಲಿಗೆ ಬೀಳುತ್ತವೆ.

ಬೆಳ್ಳಿ ಅಲ್ಲದವುಗಳಲ್ಲಿ 1972-ಡಿ ಮತ್ತು 1982-ಪಿ ಮಾತ್ರ ಹತ್ತು ಪಟ್ಟಿನ ಭೂತಗನ್ನಡಿಯಡಿ ಹೋಗುತ್ತವೆ. ಹಿಂಬದಿಯ ಹದ್ದಿನ ಬಾಲ ಮತ್ತು ಬಲಗಡೆಯ ಕಾಲಿನ ನಡುವೆ ವಿನ್ಯಾಸಕ ಫ್ರಾಂಕ್ ಗ್ಯಾಸ್ಪಾರೊ ಅವರ ಇನಿಷಿಯಲ್ ‘ಎಫ್‌ಜಿ’ ಇರಬೇಕು; ಕೆಲವದರಲ್ಲಿ ಅದು ಇಲ್ಲವೇ ಇಲ್ಲ. ಅರ್ಧ ಅಳಿಸಿದ್ದಕ್ಕೆ ಬೆಲೆಯಿಲ್ಲ, ಪೂರ್ತಿ ಮಾಯವಾಗಿರಬೇಕು. 1987ರದ್ದು, 2002ರಿಂದ 2020ರವರೆಗಿನವು ಚಲಾವಣೆಗೆ ಬಿಡದೆ ಸಂಗ್ರಹಕಾರರಿಗೆ ಮಾರಿದವು. ತಾಜಾ ಇದ್ದರೆ ಇಟ್ಟುಕೊಳ್ಳಿ, ಆದರೆ ಮುಖಬೆಲೆಗಿಂತ ಬಹಳ ಹೆಚ್ಚೇನೂ ನಿರೀಕ್ಷಿಸಬೇಡಿ.

ಸಿಕ್ಕದ್ದನ್ನು ತೊಳೆಯಬೇಡಿ, ಉಜ್ಜಬೇಡಿ. ಹುಣಸೆಹಣ್ಣು, ವಿಭೂತಿ ದೇವರ ಪಾತ್ರೆಗಿರಲಿ. ಉಜ್ಜಿದ ಗೆರೆ ವ್ಯಾಪಾರಿಗೆ ಕೂಡಲೇ ಕಾಣುತ್ತದೆ. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟರೆ ಹಸಿರು ಜಿಗುಟು ಹಿಡಿಯುತ್ತದೆ, ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿಯ ರಟ್ಟು ವಾಸಿ.

ವಾಪಸ್ ಕಟ್ಟಲು ಬೇರೆ ಬ್ಯಾಂಕೇ ಆಗಬೇಕು, ಇಲ್ಲದಿದ್ದರೆ ನೀವು ನೋಡಿಟ್ಟ ನಾಣ್ಯಗಳೇ ಮುಂದಿನ ರೋಲಿನಲ್ಲಿ ಬಂದು ಕೂರುತ್ತವೆ. ಕೆಲವು ಎಣಿಕೆ ಯಂತ್ರಗಳು ಹಾಫ್ ತೆಗೆದುಕೊಳ್ಳುವುದಿಲ್ಲ. ಆಗ ಮತ್ತೆ ಸುತ್ತಬೇಕು. ತೆಗೆದ ಬೆಳ್ಳಿಯ ಬದಲಿಗೆ ಸಾಮಾನ್ಯದ್ದು ಹಾಕಿ 20 ಎಣಿಸಿ. ಕಡಿಮೆ ಬಿದ್ದರೆ ವ್ಯತ್ಯಾಸ ಖಾತೆಯಿಂದ ಹೋಗುತ್ತದೆ, ಟೆಲ್ಲರ್ ವಿಶ್ವಾಸವೂ ಹೋಗುತ್ತದೆ.

ಡೈಮ್, ಕ್ವಾರ್ಟರ್ ರೋಲಿಗೂ ಅಂಚಿನ ಉಪಾಯ ನಡೆಯುತ್ತದೆ. ನಿಕಲ್‌ಗೆ (5 ಸೆಂಟ್ ನಾಣ್ಯ) ನಡೆಯದು, ಅದರಲ್ಲಿ ಪದರವೇ ಇಲ್ಲ. 1942ರಿಂದ 1945ರ ಶೇ. 35 ಬೆಳ್ಳಿಯ ನಿಕಲ್ ಬೇಕಿದ್ದರೆ ಒಂದೊಂದನ್ನೂ ತಿರುವಿ, ಹಿಂಬದಿಯಲ್ಲಿರುವ ಮಾಂಟಿಚೆಲ್ಲೊ ಭವನದ ಗುಮ್ಮಟದ ಮೇಲೆ ದೊಡ್ಡ ಪಿ, ಡಿ ಅಥವಾ ಎಸ್ ಇದೆಯೇ ನೋಡಬೇಕು.