ಆ ಪಾಪಿ ಮಗಳು ನಾನೇ

ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ಫೋಟೊ ಹಾಕಿದರು. ನೋಟ್‌ಬುಕ್ಕಿನ ಒಂದು ಹಾಳೆ, ನಡುಗುವ ಕೈಬರಹ: "ಕನ್ನಡಕ ಮೇಜಿನ ಮೇಲಿದೆ. ಮಾತ್ರೆ ಆಯಿತು. ಮಗಳು ಸಂಜೆ ಬರುತ್ತಾಳೆ." ಕೆಳಗೆ ಯಾರೋ ಸೇರಿಸಿದ ಕಥೆ. ಈ ಮುದುಕನನ್ನು ಮಗಳು ವೃದ್ಧಾಶ್ರಮದಲ್ಲಿ ಬಿಟ್ಟು ಹೋದಳಂತೆ, ಆತ ದಿನವೂ ಹೀಗೆ ಬರೆದಿಟ್ಟು ಕಾಯುತ್ತಾನಂತೆ. ಚಿಕ್ಕಪ್ಪ "ಎಂಥಾ ಪಾಪಿ ಮಗಳಪ್ಪಾ" ಎಂದು ಬರೆದು ಎರಡು ಅಳುವ ಮುಖ ಅಂಟಿಸಿದ್ದರು.

ಆ ಪಾಪಿ ನಾನೇ. ಅಕ್ಷರ ಅವರ ಸ್ವಂತ ಅಣ್ಣನದು. ಪಾಪ, ಗುರುತು ಹತ್ತಲಿಲ್ಲ.

ಅಪ್ಪನಿಗೆ ಮರೆವಿನ ಕಾಯಿಲೆ. ಏನೇ ಆದರೂ ಕೂಡಲೇ ಬರೆದಿಡುತ್ತಾರೆ. ಆ ಹಾಳೆಯ ಫೋಟೊ ತೆಗೆದು, ನಾಲ್ಕು ಸಾಲು ಬರೆದು, ಒಂದು ಸಾಮಾಜಿಕ ಜಾಲತಾಣದಲ್ಲಿ ಸ್ನೇಹಿತರಿಗೆ ಮಾತ್ರ ಕಾಣುವ ಹಾಗೆ ಹಾಕಿದ್ದೆ. ನನ್ನ ಫೋಟೊದಲ್ಲಿ ಕೊನೆಗೆ ಇನ್ನೊಂದು ಪದ ಇತ್ತು: "ಬಂದಳು." ನಾನು ಪೋಸ್ಟ್ ಹಾಕಿದ್ದೇ ಆ ಒಂದು ಪದಕ್ಕಾಗಿ. ಕತ್ತರಿಸಿದವರು ಅದನ್ನೇ ಕತ್ತರಿಸಿದ್ದರು.

ಚಿಕ್ಕಪ್ಪನ ಸಂದೇಶದ ಮೇಲೆ ಎರಡು ಬಾಣದ ಗುರುತು ಇತ್ತು. ಐದು ಅಥವಾ ಜಾಸ್ತಿ ಚಾಟ್ ದಾಟಿ ಬಂದ ಫಾರ್ವರ್ಡ್‌ಗೆ ವಾಟ್ಸಾಪ್ ಹಾಕುವ ಗುರುತು ಅದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅಷ್ಟು ನಿಧಾನ ಮಾಡಿದರೂ ಅದು ನಮ್ಮ ಮನೆಯೊಳಗೇ ಬಂದಿತ್ತು.

ಗಾಬರಿಯಲ್ಲಿ ನಾನು ಮೊದಲು ಮಾಡಿದ ಕೆಲಸ ನನ್ನ ಪೋಸ್ಟ್ ಅಳಿಸಿದ್ದು. ಅದೇ ದೊಡ್ಡ ತಪ್ಪು. ನಾನು ಅಳಿಸಿದ್ದು ಮೂಲವನ್ನು ಮಾತ್ರ; ನಕಲುಗಳಿಗೆ ಏನೂ ಆಗಲಿಲ್ಲ. "ಬಂದಳು" ಇದ್ದ ಪೋಸ್ಟ್ ಹೋಯಿತು, ಇಲ್ಲದವು ಉಳಿದವು. ಒಂದು ಪೇಜ್ ವಿರುದ್ಧ ದೂರು ಕೊಡಲು ಹೋದಾಗ ಇದು ನನಗೆ ತಟ್ಟಿತು. ಫಾರ್ಮ್ ಕೇಳಿದ್ದು ಮೂಲ ಪೋಸ್ಟಿನ ಲಿಂಕ್. ನನ್ನ ಹತ್ತಿರ ಏನಿತ್ತು? ಏನೂ ಇಲ್ಲ. ಅದೃಷ್ಟಕ್ಕೆ ಆ ತಾಣದಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ವಾಪಸ್ ತಂದೆ. ಲಿಂಕ್ ಬರೆದುಕೊಂಡೆ, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದೆ. ಫೋನಿನಲ್ಲಿದ್ದ ಮೂಲ ಫೋಟೊವನ್ನೂ ಬೇರೆ ಕಡೆ ಇಟ್ಟೆ. ತೆಗೆದ ದಿನ, ಸಮಯ, ಯಾವ ಕ್ಯಾಮೆರಾ ಎಂಬುದೆಲ್ಲ ಆ ಫೈಲಿನೊಳಗೇ ಇರುತ್ತದೆ. ಸ್ಕ್ರೀನ್‌ಶಾಟ್ ಆಗಿ ತಿರುಗಿ ಬಂದ ನಕಲಿನಲ್ಲಿ ಅದು ಇರುವುದಿಲ್ಲ. ಮೇಲಾಗಿ ಕತ್ತರಿಸದ ಹಾಳೆ ಇದ್ದದ್ದು ನನ್ನ ಹತ್ತಿರ ಮಾತ್ರ.

ಆಮೇಲೆ ಹುಡುಕಾಟ. ಒಂದು ಫೋಟೊ ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡಕ್ಕೂ ಫೋಟೊ ಕೊಟ್ಟೆ. ಒಂದಕ್ಕೆ ಸಿಗದ್ದು ಇನ್ನೊಂದಕ್ಕೆ ಸಿಕ್ಕಿತು. ಒಟ್ಟು ಹನ್ನೊಂದು ಕಡೆ. ವಾಟ್ಸಾಪ್ ಒಳಗೆ ಎಷ್ಟು ಓಡಾಡುತ್ತಿದೆ ಎಂದು ನೋಡುವ ದಾರಿಯೇ ಇಲ್ಲ, ಅಲ್ಲಿಯದೆಲ್ಲ ಹೊರಗಿನವರು ಓದಲಾಗದ ಹಾಗೆ ಎನ್‌ಕ್ರಿಪ್ಟ್ ಆಗಿರುತ್ತದೆ. ಆ ಆಸೆ ಬಿಟ್ಟೆ.

ಒಂದು ಹಳೇ ನಕಲಿನ ಮೂಲೆಯಲ್ಲಿ ಸ್ಕ್ರೀನ್‌ಶಾಟ್ ತೆಗೆದ ಫೋನಿನ ಬ್ಯಾಟರಿ ಕಾಣುತ್ತಿತ್ತು, 14 ಪರ್ಸೆಂಟ್. ನನ್ನ ಸ್ನೇಹಿತರಲ್ಲಿ ಯಾರ ಫೋನಿಗೆ ಯಾವಾಗಲೂ ಚಾರ್ಜ್ ಇರುವುದಿಲ್ಲ ಎಂದು ಎರಡು ದಿನ ಸುಮ್ನೆ ತಲೆ ಕೆಡಿಸಿಕೊಂಡೆ. ಎಲ್ಲರ ಮೇಲೂ ಅನುಮಾನ ಬಂತು. ಆಮೇಲೆ ನನಗೇ ಅಸಹ್ಯವಾಗಿ ನಿಲ್ಲಿಸಿದೆ.

"ಜೋರಾಗಿ ಒಂದು ಪೋಸ್ಟ್ ಹಾಕಿ ಜಾಡಿಸು" ಎಂದು ಗೆಳತಿ ಹೇಳಿದಳು. ನನಗೆ ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ ನೆನಪಾದರು. ಒಂದು ವೆಬ್‌ಸೈಟಿನಲ್ಲಿದ್ದ ತಮ್ಮ ಮನೆಯ ಫೋಟೊವನ್ನು ಅಳಿಸಿಹಾಕಿಸಲು 2003ರಲ್ಲಿ ಅವರು ಕೋರ್ಟಿಗೆ ಹೋದರು. ಅದಕ್ಕೆ ಮುಂಚೆ ಆ ಫೋಟೊ ಇಳಿಸಿಕೊಂಡಿದ್ದು ಆರೇ ಸಲ, ಅದರಲ್ಲೂ ಎರಡು ಅವರ ವಕೀಲರೇ. ಕೇಸಿನ ಸುದ್ದಿ ಹಬ್ಬಿದ ಮೇಲೆ ಒಂದೇ ತಿಂಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕೇಸೂ ಸೋತರು. ನಾನು ಬಾಯಿ ಮುಚ್ಚಿಕೊಂಡು ಒಂದೊಂದೇ ಪೇಜಿಗೆ ಖಾಸಗಿಯಾಗಿ ಬರೆದೆ.

ಹೆಚ್ಚೇನೂ ಬರೆಯಲಿಲ್ಲ. "ಇದು ನಮ್ಮ ತಂದೆಯವರ ಕೈಬರಹ. ಅವರು ನಮ್ಮ ಜೊತೆಗೇ ಇದ್ದಾರೆ. ಪೂರ್ತಿ ಹಾಳೆ ಇಲ್ಲಿದೆ, ಕೊನೆಯ ಪದ ನೋಡಿ. ದಯವಿಟ್ಟು ತೆಗೆಯಿರಿ." ಐದು ಜನ ಅವತ್ತೇ ತೆಗೆದರು. ಒಬ್ಬರು ಕ್ಷಮೆ ಕೇಳಿದರು. ಬೈದು ಬರೆದಿದ್ದರೆ ಇಷ್ಟು ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಉತ್ತರ ಕೊಡದವರ ಮೇಲೆ ಕಾಪಿರೈಟ್ ದೂರು ಹಾಕಿದೆ. ಫೋಟೊ ತೆಗೆದವಳು ನಾನು, ಸ್ಕ್ರೀನ್‌ಶಾಟ್ ತೆಗೆದ ಮಾತ್ರಕ್ಕೆ ಅದು ಅವರದಾಗುವುದಿಲ್ಲ. ಆದರೆ ಈ ದೂರಿನಲ್ಲಿ ಕೊಡುವ ಹೆಸರು, ಇಮೇಲ್ ಎದುರಿನವರಿಗೂ ಹೋಗಬಹುದು. ಅದಕ್ಕೇ ಬೇರೆ ಇಮೇಲ್ ಮಾಡಿಕೊಂಡೆ. ಹೀಗೆ ಇನ್ನೆರಡು ಹೋದವು. ಪೇಜ್ ಹೋದರೂ ಗೂಗಲ್ ಹುಡುಕಾಟದಲ್ಲಿ ಹಳೇ ಸಾಲು ಕೆಲವು ದಿನ ಕಾಣುತ್ತಿತ್ತು. ಹಳತಾದ ಫಲಿತಾಂಶ ತೆಗೆಯಿರಿ ಎಂದು ಕೇಳಲು ಅವರದೇ ಒಂದು ಸೌಲಭ್ಯ ಇದೆ, ಅದನ್ನು ಬಳಸಿದೆ. ಮೂಲ ಪುಟ ಹೋಗಿದ್ದರೆ ಅಥವಾ ಬದಲಾಗಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ನಾಲ್ಕು ಇನ್ನೂ ಇವೆ. ಒಂದರ ಕೆಳಗೆ ಜನ ನನಗೆ ಶಾಪ ಹಾಕುತ್ತಲೇ ಇದ್ದಾರೆ. ಮೊದಲು ದಿನಾ ಓದುತ್ತಿದ್ದೆ, ಈಗ ಯಾವಾಗಲಾದರೂ ಒಮ್ಮೆ. ಅಪ್ಪನ ನೋಟ್‌ಬುಕ್ಕಿನ ಫೋಟೊ ಈಗಲೂ ತೆಗೆಯುತ್ತೇನೆ, ಎಲ್ಲಿಯೂ ಹಾಕುವುದಿಲ್ಲ.

ಚಿಕ್ಕಪ್ಪನಿಗೆ ವಿಷಯ ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಗುಂಪಿನಿಂದ ಅದನ್ನು ಅಳಿಸಿದರು. ತಾವು ಕಳಿಸಿದ್ದ ಇನ್ನೊಂದು ಗುಂಪಿನಲ್ಲೂ ಎಲ್ಲರಿಗೂ ಅಳಿಸಲು ಹೋದರು, ಆದರೆ ಆ ಅವಕಾಶ ಇರುವುದು ಎರಡೂವರೆ ದಿನ ಮಾತ್ರ. ಅವರು ಅಲ್ಲಿಗೆ ಕಳಿಸಿ ವಾರವಾಗಿತ್ತು.

ಕಳೆದ ತಿಂಗಳು ಅವರಿಂದ ನನಗೊಬ್ಬಳಿಗೇ ಒಂದು ಫೋಟೊ ಬಂತು. ಬೆಂಚಿನ ಮೇಲೆ ಒಬ್ಬರೇ ಕೂತ ವಯಸ್ಸಾದವರು, ಕೆಳಗೆ ಕಣ್ಣೀರಿನ ಕಥೆ, ಮೇಲೆ ಎರಡು ಬಾಣ. "ಪುಟ್ಟಿ, ಇದೂ ನಿಂದೇನಾ?" ಎಂದು ಕೇಳಿದ್ದರು.

"ಅಲ್ಲ ಚಿಕ್ಕಪ್ಪ," ಎಂದು ಬರೆದೆ. "ಬೇರೆ ಯಾರದೋ ಅಪ್ಪ."